ಹತ್ತಿರ ನಿಂತವರು ಬರೆದದ್ದು
(ಬಾನುಲಿ ಭಾಷಣ)



ವಿಜಯಪುರದ ಗಾಂಧಿ ಚೌಕದ ಗುರುತನ್ನು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಟಿಕೋಟಾದಿಂದ ಬಂದವರಿರಲಿ, ಬಬಲೇಶ್ವರದಿಂದ ಬಂದವರಿರಲಿ, ಪ್ಯಾಟಿ ಕೆಲಸಕ್ಕೆ ಬಂದವರು ಒಮ್ಮೆಯಾದರೂ ಅದನ್ನು ಹಾದು ಹೋಗುತ್ತಾರೆ. ಚುನಾವಣೆ ಬಂದಾಗ ಅಲ್ಲಿ ಮೈಕು ಕೂಗುತ್ತದೆ. ಅಕ್ಟೋಬರ್ 2 ಬಂದಾಗ ಎಲ್ಲ ಪಕ್ಷದ ಮುಖಂಡರೂ ಗಾಂಧೀಜಿಗೆ ಮಾಲೆ ಹಾಕುತ್ತಾರೆ. ಚೌಕದಲ್ಲಿ ನಿಂತ ನಾಯಕ ಎಲ್ಲರಿಗೂ ಕಾಣುತ್ತಾನೆ. ಆತನ ಮಾತು ಕೇಳುತ್ತದೆ, ಕೈ ಬೀಸುವುದು ಕಾಣುತ್ತದೆ. ಆದರೆ ಸಭೆ ಮುಗಿದು ಮಂದಿ ಚದುರಿದ ಮೇಲೆ ಆತ ಹೇಗಿರುತ್ತಾನೆ? ಸಿಟ್ಟು ಬಂದಾಗ ಯಾರ ಮೇಲೆ ಹಾಯುತ್ತಾನೆ? ತಪ್ಪು ಮಾಡಿದಾಗ ಯಾರ ಮುಂದೆ ಒಪ್ಪಿಕೊಳ್ಳುತ್ತಾನೆ? ಇದು ನಮಗೆ ನಿಮಗೆ ಕಾಣುವುದಿಲ್ಲ. ಹತ್ತಿರ ಇದ್ದವರಿಗೆ ಮಾತ್ರ ಕಾಣುತ್ತದೆ.

ಹೀಗೆ ಹತ್ತಿರ ಇದ್ದವರು ಬರೆದಿಟ್ಟ ದಿನಚರಿ, ನೆನಪಿನ ಪುಸ್ತಕಗಳ ಬಗ್ಗೆ ಇವತ್ತು ನಾಲ್ಕು ಮಾತು ಆಡುತ್ತೇನೆ. ಅವುಗಳಿಂದ ಒಬ್ಬ ನಾಯಕನ ಗುಣ ನಮಗೆ ಎಷ್ಟು ತಿಳಿಯುತ್ತದೆ? ಉದಾಹರಣೆಗೆ ಬೇರೆ ಯಾರನ್ನೂ ಹುಡುಕುವುದಿಲ್ಲ. ಚೌಕಕ್ಕೆ ಯಾರ ಹೆಸರು ಇದೆಯೋ ಅವರನ್ನೇ ತೆಗೆದುಕೊಳ್ಳುತ್ತೇನೆ. ಗಾಂಧೀಜಿಯ ಬಗ್ಗೆ ಅವರ ಹತ್ತಿರದವರು ಬರೆದಷ್ಟು ನಮ್ಮ ದೇಶದಲ್ಲಿ ಇನ್ನೊಬ್ಬ ನಾಯಕನ ಬಗ್ಗೆ ಬರೆದಿರಲಾರರು.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ನಾಯಕ ತಾನೇ ಬರೆದುಕೊಂಡದ್ದು ಆತ್ಮಕಥೆ. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಸಾವಳಗಿಯಲ್ಲಿ ಹುಟ್ಟಿ, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ಮುಂದೆ ದೇಶದ ಉಪರಾಷ್ಟ್ರಪತಿಯಾದ ಬಿ. ಡಿ. ಜತ್ತಿಯವರು ತಮ್ಮ ಕಥೆ ತಾವೇ ಬರೆದರು. ಗಾಂಧೀಜಿಯೂ ಬರೆದರು. ಅಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎನ್ನುವುದು ನಾಯಕನ ಕೈಯಲ್ಲೇ ಇರುತ್ತದೆ. ಹತ್ತಿರದವರು ಬರೆದಾಗ ಆ ಹಿಡಿತ ಕೈ ತಪ್ಪುತ್ತದೆ. ಬರೆಯುವವನ ಪ್ರೀತಿ, ಬರೆಯುವವನ ಸಿಟ್ಟು, ಬರೆಯುವವನ ಸ್ವಾರ್ಥ ಎಲ್ಲ ಅದರಲ್ಲಿ ಬೆರೆಯುತ್ತವೆ. ಆದ್ದರಿಂದ ಇಂಥ ಪುಸ್ತಕ ಓದುವಾಗ ಇಬ್ಬರನ್ನು ಅಳೆಯಬೇಕಾಗುತ್ತದೆ. ಒಬ್ಬ ನಾಯಕ. ಇನ್ನೊಬ್ಬ ಬರೆದವನು.

ಈಗ ನಮ್ಮ ಊರಿನಿಂದಲೇ ಶುರು ಮಾಡೋಣ. 1918ರ ಮೇ ತಿಂಗಳು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದ ರಾಜಕೀಯ ಪರಿಷತ್ತು ಇಲ್ಲೇ, ಆಗಿನ ಹೆಸರಿನ ಬಿಜಾಪುರದಲ್ಲಿ, ಸೇರಿತು. ಗಾಂಧೀಜಿ ಬಂದರು. ಅದೇ ಹೊತ್ತಿಗೆ ಅಸ್ಪೃಶ್ಯತೆಯ ವಿಷಯಕ್ಕೂ ಒಂದು ಸಭೆ ಇಲ್ಲೇ ನಡೆಯಿತು. ಅಲ್ಲಿ ಗಾಂಧೀಜಿ ಒಂದು ಪ್ರಶ್ನೆ ಕೇಳಿದರು. ಈ ಸಭೆಯಲ್ಲಿ ಅಸ್ಪೃಶ್ಯರೆನಿಸಿಕೊಂಡವರು ಯಾರಾದರೂ ಇದ್ದಾರೆಯೇ ಎಂದರು. ಯಾರೂ ಇರಲಿಲ್ಲ. ಹಾಗಾದರೆ ಅವರ ಉದ್ಧಾರಕ್ಕೆ ನಾವೇ ಕೂತು ನಿರ್ಣಯ ಮಾಡುವುದರಲ್ಲಿ ಏನು ಅರ್ಥ ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು.

ಸಭೆಯಲ್ಲಿ ಇಂಥ ಪ್ರಶ್ನೆ ಕೇಳುವುದಕ್ಕೆ ಧೈರ್ಯ ಬೇಕು. ಒಪ್ಪೋಣ. ಆದರೆ ಇದು ವೇದಿಕೆಯ ಗಾಂಧಿ. ಪತ್ರಿಕೆಯ ವರದಿಗಾರ ಎದುರಿಗೇ ಇದ್ದ. ಬಿಜಾಪುರದ ಸಭೆಯಲ್ಲಿ ಕೇಳಿದ ಪ್ರಶ್ನೆಯನ್ನು ಈ ಮನುಷ್ಯ ತನ್ನ ಮನೆಯಲ್ಲೂ ಕೇಳಿದನೇ? ಇದಕ್ಕೆ ಉತ್ತರ ಯಾವ ವರದಿಯಲ್ಲೂ ಸಿಗುವುದಿಲ್ಲ. ಒಳಗಿದ್ದವರನ್ನೇ ಕೇಳಬೇಕು.

ಒಳಗಿದ್ದವರಲ್ಲಿ ಮೊದಲನೆಯವರು ಮಹಾದೇವ ದೇಸಾಯಿ. ಸೂರತ್ ಜಿಲ್ಲೆಯವರು. 1892ರಲ್ಲಿ ಹುಟ್ಟಿದರು. ವಕೀಲಿ ಓದಿದವರು. 1917ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಗಾಂಧೀಜಿಯ ಹತ್ತಿರ ಬಂದು ಸೇರಿದರು. ಸಾಯುವವರೆಗೂ ಅಲ್ಲೇ ಇದ್ದರು. ಸುಮಾರು ಕಾಲು ಶತಮಾನ. ಕಾಗದ ಬರೆಯುವವರು ಅವರೇ. ಭೇಟಿಗೆ ಬಂದವರ ಮಾತು ಗುರುತು ಹಾಕಿಕೊಳ್ಳುವವರು ಅವರೇ. ಹೊತ್ತು ಸಿಕ್ಕಾಗ ದಿನಚರಿ ಬರೆದರು. ಆ ದಿನಚರಿ ಗುಜರಾತಿಯಲ್ಲಿ ಸಂಪುಟದ ಮೇಲೆ ಸಂಪುಟವಾಗಿ ಅಚ್ಚಾಗಿದೆ.

ಮಹಾದೇವ ದೇಸಾಯಿ ಭಕ್ತರು. ಅದರಲ್ಲಿ ಸಂಶಯ ಬೇಡ. ಆದರೆ ಆ ಭಕ್ತನೂ ಒಮ್ಮೆ ಗಾಂಧೀಜಿಯನ್ನು ಬಿಟ್ಟು ಹೋಗುತ್ತೇನೆಂದು ಎದ್ದು ನಿಂತ. ಆ ಪ್ರಸಂಗ ಹೇಳುತ್ತೇನೆ, ಕೇಳಿ.

1938ರ ಮಾರ್ಚ್ ಕೊನೆ. ಒರಿಸ್ಸಾದ ಡೆಲಾಂಗ್ ಎಂಬ ಹಳ್ಳಿ. ಗಾಂಧಿ ಸೇವಾ ಸಂಘದ ಸಮಾವೇಶ ನಡೆದಿತ್ತು. ಪುರಿ ಜಗನ್ನಾಥ ಅಲ್ಲಿಂದ ದೂರವಿಲ್ಲ. ಕಸ್ತೂರಬಾ ಪುರಿಗೆ ಹೋದರು. ಮಹಾದೇವರ ಹೆಂಡತಿ ದುರ್ಗಾಬೆನ್ ಜೊತೆಗೆ ಹೋದರು. ಅಲ್ಲಿಯವರೆಗೆ ಹೋದವರು ಗುಡಿಯೊಳಗೂ ಹೋಗಿ ದೇವರ ದರ್ಶನ ಮಾಡಿ ಬಂದರು. ಆಗ ಆ ಗುಡಿಯಲ್ಲಿ ಹರಿಜನರಿಗೆ ಪ್ರವೇಶ ಇರಲಿಲ್ಲ.

ಸುದ್ದಿ ಗಾಂಧೀಜಿಗೆ ತಿಳಿಯಿತು. ಅವರ ನೋವು ಎಷ್ಟಿತ್ತೆಂದರೆ ರಕ್ತದ ಒತ್ತಡ ಏರಿತು. ಹರಿಜನರಿಗೆ ಬಾಗಿಲು ಮುಚ್ಚಿದ ಗುಡಿಗೆ ನನ್ನ ಮನೆಯವರೇ ಹೋದರೆ ನಾನು ಊರಿಗೆ ಏನು ಹೇಳಲಿ ಎಂಬುದು ಅವರ ಸಂಕಟ. ಹೆಂಗಸರನ್ನು ಬೈದು ಬಿಡಲಿಲ್ಲ. ತಿಳಿಸಿ ಹೇಳದೆ ಇದ್ದದ್ದು ನನ್ನ ತಪ್ಪು, ಮಹಾದೇವನ ತಪ್ಪು ಎಂದರು. ಮುಚ್ಚಿಡಲೂ ಇಲ್ಲ. ಸಂಘದ ಎಲ್ಲರ ಮುಂದೆ ಈ ಮಾತು ಎತ್ತಿದರು.

ಮಹಾದೇವರಿಗೆ ಇದು ತಡೆಯಲಿಲ್ಲ. ಹೆಂಡತಿ ಗುಡಿಗೆ ಹೋಗಿ ಕೈ ಮುಗಿದದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎನ್ನಿಸಿತು. ನನ್ನನ್ನು ಬಿಟ್ಟುಬಿಡಿ ಎಂದು ಗಾಂಧೀಜಿಗೆ ಕಾಗದ ಬರೆದರು. ಗಾಂಧೀಜಿ ಬಿಡಲಿಲ್ಲ. ಆಮೇಲೆ ಮಹಾದೇವ ಈ ಇಡೀ ಪ್ರಸಂಗವನ್ನು 'ಹರಿಜನ' ಪತ್ರಿಕೆಯಲ್ಲಿ ಬರೆದರು. ತಮ್ಮ ತಪ್ಪನ್ನೂ ಬರೆದರು, ಸಂತನ ಜೊತೆ ಬಾಳುವೆ ಮಾಡುವುದು ಎಷ್ಟು ಕಷ್ಟ ಎಂಬುದನ್ನೂ ಬರೆದರು. 'ಹರಿಜನ' ಯಾರ ಪತ್ರಿಕೆ? ಗಾಂಧೀಜಿಯದೇ. ನಾಯಕನ ಮನೆಯ ಜಗಳ ನಾಯಕನ ಪತ್ರಿಕೆಯಲ್ಲೇ ಅಚ್ಚಾಯಿತು.

ಇಲ್ಲಿಯವರೆಗೆ ಹೇಳಿದ್ದನ್ನು ಒಟ್ಟುಗೂಡಿಸಿಕೊಳ್ಳೋಣ. 1918ರಲ್ಲಿ ಬಿಜಾಪುರದ ಸಭೆಗೆ ಕೇಳಿದ ಪ್ರಶ್ನೆಯನ್ನು ಗಾಂಧೀಜಿ 20 ವರ್ಷಗಳ ನಂತರ ತಮ್ಮ ಮನೆಗೇ ಕೇಳಿದರು. ಊರಿಗೊಂದು ಮಾತು, ಮನೆಗೊಂದು ಮಾತು ಇರಲಿಲ್ಲ. ಇದು ಅವರ ಗುಣ. ಅದರ ಜೊತೆಗೇ ಇನ್ನೊಂದೂ ತಿಳಿಯಿತು. ಆ ಗುಣದ ಬೆಲೆಯನ್ನು ಹತ್ತಿರದವರು ತೆರಬೇಕಾಗಿತ್ತು. ಎರಡೂ ನಮಗೆ ತಿಳಿದದ್ದು ಒಳಗಿನವನೊಬ್ಬ ಬರೆದದ್ದರಿಂದ.

ಇನ್ನು ಎರಡನೆಯ ವಿಷಯಕ್ಕೆ ಬರೋಣ. ನೆನಪಿನ ಪುಸ್ತಕಗಳಲ್ಲಿ ನಮಗೆ ಬಹಳ ಹಿಡಿಸುವುದು ಸಿಹಿ ಕಥೆಗಳು. ಗಾಂಧೀಜಿಯ ಜೊತೆಗಿದ್ದ ಕಾಕಾ ಕಾಲೇಲಕರ ಅವರ ಪುಸ್ತಕದಲ್ಲಿ ಅಂಥ ಕಥೆಗಳು ತುಂಬಾ ಇವೆ. ಕಾಕಾ ನಮ್ಮ ಕಡೆಗೂ ಸೇರಿದವರು. ಅವರ ಬಾಲ್ಯದ ಹಲವು ವರ್ಷ ಕಾರವಾರ, ಬೆಳಗಾವಿಯಲ್ಲಿ ಕಳೆದವು. ಅವರು ಹೇಳುವ ಒಂದು ಕಥೆ ಇದು.

1915ರ ಕೊನೆ. ಮುಂಬಯಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಏನನ್ನೋ ಹುಡುಕುತ್ತಿದ್ದಾರೆ. ಕಾಕಾ ಕೇಳಿದರೆ, ಪೆನ್ಸಿಲ್ ಕಾಣಿಸುತ್ತಿಲ್ಲ ಅಂದರು. ಕಾಕಾ ತಮ್ಮದನ್ನು ಕೊಡಲು ಹೋದರು. ಬೇಡ, ನನಗೆ ಅದೇ ಬೇಕು ಅಂದರು. ಇಬ್ಬರೂ ಹುಡುಕಿದರು. ಕೊನೆಗೆ ಸಿಕ್ಕಿತು. ಎರಡು ಅಂಗುಲವೂ ಇಲ್ಲದ ಒಂದು ಮೋಟು ಪೆನ್ಸಿಲ್. ಮದ್ರಾಸಿನಲ್ಲಿ ಪ್ರಕಾಶಕ ನಟೇಶನ್ ಅವರ ಪುಟ್ಟ ಮಗ ಅದನ್ನು ಪ್ರೀತಿಯಿಂದ ಕೊಟ್ಟಿದ್ದ. ಮಗು ಕೊಟ್ಟದ್ದನ್ನು ಕಳೆಯಬಾರದು ಎಂಬುದು ಗಾಂಧೀಜಿಯ ಹಟ.

ಚೆಂದದ ಕಥೆ. ಶಾಲೆಯ ಮಕ್ಕಳಿಗೆ ಹೇಳಬಹುದು. ಆದರೆ ಕೇಳುಗರೇ, ಸ್ವಲ್ಪ ನಿಂತು ಯೋಚಿಸಿ. ಈ ಕಥೆಯಲ್ಲಿ ಯಾರಿಗೂ ನೋವಾಗಿಲ್ಲ. ನಾಯಕ ಏನನ್ನೂ ಕಳೆದುಕೊಂಡಿಲ್ಲ. ಇಂಥ ಕಥೆ ಯಾವ ನಾಯಕನ ಬಗ್ಗೆಯಾದರೂ ಹುಟ್ಟಬಹುದು. ಮಗುವನ್ನು ಎತ್ತಿಕೊಂಡ ನಾಯಕ, ಬಡವನ ಮನೆಯಲ್ಲಿ ರೊಟ್ಟಿ ತಿಂದ ನಾಯಕ ಇವತ್ತಿಗೂ ಎಷ್ಟು ಮಂದಿ ಬೇಕು! ಸಿಹಿ ಕಥೆ ನಾಯಕನ ಅಭ್ಯಾಸವನ್ನು ತಿಳಿಸುತ್ತದೆ. ಗುಣವನ್ನು ತಿಳಿಸುವುದು ಯಾರಿಗಾದರೂ ನೋವಾದ ಕಥೆ.

ಅಂಥ ನೋವಿನ ಕಥೆಯೊಂದನ್ನು ಕೇಳಿ. ಹೇಳಿದವರು ಮನು ಗಾಂಧಿ. ಗಾಂಧೀಜಿಗೆ ಸಂಬಂಧದಲ್ಲಿ ಮೊಮ್ಮಗಳು. ಆಗ ಇಪ್ಪತ್ತು ತುಂಬದ ಹುಡುಗಿ. ಆಕೆ ಬರೆದ ಪುಸ್ತಕದ ಹೆಸರೇ 'ಬಾಪು ನನ್ನ ತಾಯಿ'. ಅಂದರೆ ಆಕೆಗೆ ದೂರು ಹೇಳುವ ಉದ್ದೇಶ ಇಲ್ಲವೇ ಇಲ್ಲ.

1947ರ ಜನವರಿ. ಬಂಗಾಳದ ನೌಖಾಲಿ. ಹಿಂದೂ ಮುಸ್ಲಿಮರ ನಡುವೆ ಕೊಲೆ, ಸುಲಿಗೆ ನಡೆದ ನೆಲ. ಗಾಂಧೀಜಿಗೆ 77 ವರ್ಷ. ಹಳ್ಳಿಯಿಂದ ಹಳ್ಳಿಗೆ ಬರಿಗಾಲಲ್ಲಿ ನಡೆಯುತ್ತಿದ್ದರು. ಸುಮಾರು 50 ಹಳ್ಳಿ. ಒಂದು ದಿನ ಮುಂದಿನ ಹಳ್ಳಿ ತಲುಪಿದ ಮೇಲೆ ನೋಡಿದರೆ, ಸ್ನಾನದಲ್ಲಿ ಕಾಲು ಉಜ್ಜುವ ಕಲ್ಲು ಇಲ್ಲ. ಶಿಷ್ಯೆ ಮೀರಾಬೆನ್ ಕೊಟ್ಟದ್ದು. ಎಷ್ಟೋ ವರ್ಷ ಬಳಸಿದ್ದು. ಮನು ಅದನ್ನು ಹಿಂದಿನ ಹಳ್ಳಿಯಲ್ಲಿ ನೇಕಾರನ ಮನೆಯಲ್ಲಿ ಮರೆತಿದ್ದಳು. ಹೋಗಿ ತಾ, ಒಬ್ಬಳೇ ಹೋಗಿ ಬಾ ಎಂದರು ಗಾಂಧೀಜಿ. ದಾರಿಯಲ್ಲಿ ತೆಂಗು, ಅಡಿಕೆಯ ದಟ್ಟ ತೋಟ. ಗಲಭೆಯ ಕಾಲ. ಹುಡುಗಿ ರಾಮನಾಮ ಹೇಳುತ್ತ ಹೋದಳು. ಆ ಮನೆಯ ಮುದುಕಿ ಕಲ್ಲು ಬೇಡದ್ದೆಂದು ಬಿಸಾಡಿದ್ದಳು. ಹುಡುಕಿ ತಂದಳು. ಇಗೋ ನಿಮ್ಮ ಕಲ್ಲು ಎಂದು ಕೊಟ್ಟು ಅತ್ತಳು. ಗಾಂಧೀಜಿ ನಕ್ಕರು. ಇದು ನಿನ್ನ ಪರೀಕ್ಷೆಯಾಗಿತ್ತು ಎಂದರು. ದಾರಿಯಲ್ಲಿ ದುಷ್ಟರ ಕೈಗೆ ಸಿಕ್ಕು ಧೈರ್ಯದಿಂದ ಸತ್ತಿದ್ದರೆ ನನಗೆ ಸಂತೋಷವಾಗುತ್ತಿತ್ತು, ಹೆದರಿ ಓಡಿ ಬಂದಿದ್ದರೆ ಆಗುತ್ತಿರಲಿಲ್ಲ ಎಂಬ ಅರ್ಥದ ಮಾತನ್ನೂ ಆಡಿದರು.

ಮನು ಇದನ್ನು ತಾಯಿಯ ಪಾಠ ಎಂದು ಬರೆದಿದ್ದಾಳೆ. ನೀವು, ನಾನು ಓದಿದಾಗ? ಒಂದು ಕಡೆ, ಭಯವನ್ನು ಗೆಲ್ಲದೆ ನೌಖಾಲಿಯಲ್ಲಿ ಶಾಂತಿ ಇಲ್ಲ ಎಂದು ನಂಬಿದ ಮನುಷ್ಯ ಕಾಣುತ್ತಾನೆ. ತಾನೂ ಅದೇ ದಾರಿಯಲ್ಲಿ ಕಾವಲಿಲ್ಲದೆ ನಡೆಯಲು ಸಿದ್ಧನಿದ್ದ ಮನುಷ್ಯ. ಇನ್ನೊಂದು ಕಡೆ, ಒಂದು ಕಲ್ಲಿಗಾಗಿ ಹುಡುಗಿಯ ಜೀವವನ್ನು ಪಣಕ್ಕಿಟ್ಟ ಅಜ್ಜ ಕಾಣುತ್ತಾನೆ. ಬರೆದಾಕೆಗೆ ಕಾಣದ್ದು ಓದಿದವರಿಗೆ ಕಂಡಿತು. ಪ್ರಾಮಾಣಿಕವಾಗಿ ಬರೆದ ಭಕ್ತರ ಪುಸ್ತಕದಿಂದಲೂ ಹೀಗೆ ಸತ್ಯ ಹೊರಬರುತ್ತದೆ.

ಸರಿ. ಭಕ್ತರ ಮಾತು ಆಯಿತು. ಮೊದಲು ಮಹಾದೇವ, ಆಮೇಲೆ ಕಾಕಾ, ಆಮೇಲೆ ಮನು. ಮೂರನೆಯ ವಿಷಯ ಭಕ್ತನಲ್ಲದವನದು. ಅವರ ಹೆಸರು ನಿರ್ಮಲ್ ಕುಮಾರ್ ಬೋಸ್. ಕಲಕತ್ತೆಯ ಮಾನವಶಾಸ್ತ್ರಜ್ಞ. ನೌಖಾಲಿಯಲ್ಲಿ ಗಾಂಧೀಜಿಗೆ ಬಂಗಾಳಿ ಬಲ್ಲವರು ಬೇಕಾಗಿದ್ದರು. ಬೋಸ್ ಅವರ ದುಭಾಷಿಯಾದರು, ಕಾರ್ಯದರ್ಶಿಯಾದರು. ದಿನವೂ ಬಂಗಾಳಿ ಪಾಠ ಹೇಳಿಕೊಟ್ಟರು. ಅಷ್ಟು ವಯಸ್ಸಿನಲ್ಲಿ, ಅಷ್ಟು ಕಷ್ಟದಲ್ಲಿ, ಮುದುಕ ಶಿಷ್ಯ ಪಾಠ ತಪ್ಪಿಸುತ್ತಿರಲಿಲ್ಲ. ಇದು ಬೋಸ್ ಕಂಡ ಒಂದು ಮುಖ.

ಇನ್ನೊಂದು ಮುಖವನ್ನೂ ಅವರು ಕಂಡರು. 1946ರ ಡಿಸೆಂಬರಿನ ಒಂದು ನಸುಕು. ಇನ್ನೂ ಕತ್ತಲು. ಒಳಗಿನಿಂದ ಗಾಂಧೀಜಿಯ ನೊಂದ ದನಿ ಕೇಳಿತು. ಹೊಡೆದ ಸಪ್ಪಳವೂ ಕೇಳಿತು. ಹೋಗಿ ನೋಡಿದರೆ, ಗಾಂಧೀಜಿ ತಮ್ಮ ಹಣೆಗೆ ತಾವೇ ಹೊಡೆದುಕೊಂಡಿದ್ದರು. ಲೋಕಕ್ಕೆ ಶಾಂತಿ ಹೇಳುವ ಮನುಷ್ಯ ತನ್ನೊಳಗೆ ಎಷ್ಟು ಕದಡಿ ಹೋಗಿದ್ದ ಎಂಬುದು ಬೋಸ್ ಬರೆದಿಡದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ.

ಅದೇ ದಿನಗಳಲ್ಲಿ ಗಾಂಧೀಜಿ, ಹೆಂಗಸರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ ತಮ್ಮ ಬ್ರಹ್ಮಚರ್ಯವನ್ನು ಪರೀಕ್ಷಿಸಿಕೊಳ್ಳುವ ಪ್ರಯೋಗ ನಡೆಸಿದ್ದರು. ಅದರಲ್ಲಿ ಮನುವೂ ಸೇರಿದ್ದಳು. ಬೋಸ್ ಅದನ್ನು ಒಪ್ಪಲಿಲ್ಲ. ಗಾಂಧೀಜಿಯ ಮನಸ್ಸು ಶುದ್ಧವೋ ಅಲ್ಲವೋ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ. ಈ ಪ್ರಯೋಗದಿಂದ ಸುತ್ತ ಇರುವ ಹೆಂಗಸರ ಮನಸ್ಸಿನ ಮೇಲೆ ಏನು ಪರಿಣಾಮ ಆಗುತ್ತದೆ ಎಂದು ಅವರು ಕೇಳಿದರು. ಗಾಂಧೀಜಿ ಉತ್ತರ ಕೊಟ್ಟರು. ಬೋಸ್‌ಗೆ ಸಮಾಧಾನವಾಗಲಿಲ್ಲ. 1947ರ ಮಾರ್ಚಿನಲ್ಲಿ ಬಿಟ್ಟು ಹೋದರು. ಆದರೆ ಅದೇ ಆಗಸ್ಟಿನಲ್ಲಿ ಗಾಂಧೀಜಿ ಕಲಕತ್ತೆಗೆ ಬಂದು ಶಾಂತಿಗಾಗಿ ಕೂತಾಗ, ಬೋಸ್ ಮತ್ತೆ ಜೊತೆಗೆ ನಿಂತರು.

1953ರಲ್ಲಿ ಬೋಸ್ ತಮ್ಮ ಪುಸ್ತಕ ತಂದರು. ಗಾಂಧೀಜಿ ತೀರಿಕೊಂಡು ಐದು ವರ್ಷವಾಗಿತ್ತು. ಗಾಂಧಿ ಭಕ್ತರಿಗೆ ಅದು ಇಷ್ಟವಾಗಲಿಲ್ಲ. ಅದರಲ್ಲಿ ಗಾಂಧೀಜಿಯ ದೊಡ್ಡತನವೂ ಇತ್ತು, ದೋಷವೂ ಇತ್ತು. ಇವತ್ತಿಗೂ ನೌಖಾಲಿಯ ಗಾಂಧಿಯನ್ನು ಅರಿಯಬೇಕೆನ್ನುವವರು ಆ ಪುಸ್ತಕ ಬಿಟ್ಟು ಮುಂದೆ ಹೋಗುವುದಿಲ್ಲ.

ಇದೇ ಕಾಲದ ಇನ್ನೊಂದು ಸಣ್ಣ ಪ್ರಸಂಗ. ಪರಶುರಾಮ್ ಎಂಬ ಶೀಘ್ರಲಿಪಿಕಾರ ಗಾಂಧೀಜಿಯ ಕಚೇರಿಯಲ್ಲಿದ್ದರು. ಅವರಿಗೂ ಈ ಪ್ರಯೋಗ ಒಪ್ಪಿಗೆಯಾಗಲಿಲ್ಲ. ಉದ್ದದ ಕಾಗದ ಬರೆದು ತಮ್ಮ ಆಕ್ಷೇಪಗಳನ್ನು ತಿಳಿಸಿದರು. 1947ರ ಜನವರಿ 2ರಂದು ಗಾಂಧೀಜಿ ಉತ್ತರ ಬರೆದರು. ನಿಮ್ಮ ಷರತ್ತು ನಾನು ಒಪ್ಪಲಾರೆ, ನೀವು ಹೋಗಬಹುದು ಎಂದರು. ಅಷ್ಟಕ್ಕೆ ನಿಲ್ಲಿಸಲಿಲ್ಲ. ನನ್ನಲ್ಲಿ, ನನ್ನ ಸುತ್ತಮುತ್ತ ನೀವು ಕಂಡ ತಪ್ಪುಗಳನ್ನು ಪ್ರಕಟಿಸಲು ನಿಮಗೆ ಸ್ವಾತಂತ್ರ್ಯವಿದೆ ಎಂದೂ ತಿಳಿಸಿದರು.

ಕೇಳುಗರೇ, ಈ ಕೊನೆಯ ಮಾತಿನ ಮೇಲೆ ಗಮನ ಇಡಿ. ಕೆಲಸ ಬಿಟ್ಟು ಹೋಗುವ ಶೀಘ್ರಲಿಪಿಕಾರನಿಗೆ ದೇಶದ ಅತಿ ದೊಡ್ಡ ನಾಯಕ, ನನ್ನ ತಪ್ಪನ್ನು ಊರಿಗೆ ಹೇಳು ಎನ್ನುತ್ತಾನೆ. ಗಾಂಧೀಜಿಯ ಪ್ರಯೋಗವನ್ನು ನಾವು ಒಪ್ಪಬೇಕಾಗಿಲ್ಲ. ನಾನೂ ಒಪ್ಪುವುದಿಲ್ಲ. ಹುಡುಗಿಯ ಪಾಲಿಗೆ ಅದು ಅನ್ಯಾಯ ಎಂದೇ ನನಗೆ ಕಾಣುತ್ತದೆ. ಆದರೆ ಆ ಅನ್ಯಾಯ ನಮಗೆ ತಿಳಿದದ್ದು ಹೇಗೆ? ಹತ್ತಿರ ಇದ್ದವರು ಎದುರು ನಿಂತು ಮಾತಾಡಬಹುದಾಗಿತ್ತು, ಅದಕ್ಕೇ ತಿಳಿಯಿತು.

ಇದೇ ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ಮಾತು. ಒಳಗಿನವರ ಪುಸ್ತಕದಲ್ಲಿ ಇರುವ ಘಟನೆಗಳಿಂದ ನಾಯಕನ ಗುಣ ತಿಳಿಯುತ್ತದೆ, ನಿಜ. ಅದಕ್ಕಿಂತ ಹೆಚ್ಚಾಗಿ, ಅಂಥ ಪುಸ್ತಕ ಬರೆಯಬಲ್ಲವರನ್ನು ಆತ ಹತ್ತಿರ ಇಟ್ಟುಕೊಂಡಿದ್ದನೇ ಎಂಬುದರಿಂದ ತಿಳಿಯುತ್ತದೆ. 'ಇಲ್ಲ' ಎನ್ನುವವನು ಆತನ ಸುತ್ತ ಇದ್ದನೇ? 'ಇಲ್ಲ' ಎಂದ ಮೇಲೂ ಉಳಿದನೇ? ಬಿಟ್ಟು ಹೋದವನು ಮರಳಿ ಬರಲು ಬಾಗಿಲು ತೆರೆದಿತ್ತೇ?

ಹಾಗಾದರೆ ಒಳಗಿನವರು ಬರೆದದ್ದನ್ನೆಲ್ಲ ನಂಬಬೇಕೇ? ಬೇಡ. ಇದು ನಾಲ್ಕನೆಯ ವಿಷಯ. ಇದಕ್ಕೆ ಮಾತ್ರ ಗಾಂಧೀಜಿಯನ್ನು ಬಿಟ್ಟು ನೆಹರೂ ಅವರ ಉದಾಹರಣೆ ತೆಗೆದುಕೊಳ್ಳುತ್ತೇನೆ. ಎಂ. ಓ. ಮಥಾಯಿ ಎಂಬವರು 1946ರಿಂದ 1959ರವರೆಗೆ ನೆಹರೂ ಅವರ ಆಪ್ತ ಕಾರ್ಯದರ್ಶಿಯಾಗಿದ್ದರು. ಆರೋಪಗಳು ಬಂದವು. ರಾಜೀನಾಮೆ ಕೊಟ್ಟರು. ಸುಮಾರು 20 ವರ್ಷ ಆದಮೇಲೆ, 1978ರಲ್ಲಿ, ನೆಹರೂ ಕಾಲದ ನೆನಪುಗಳ ಪುಸ್ತಕ ತಂದರು. ಆ ಹೊತ್ತಿಗೆ ನೆಹರೂ ತೀರಿಕೊಂಡು 14 ವರ್ಷ. ಮಲಗುವ ಕೋಣೆಯ ಮಾತು, ಅಡುಗೆಮನೆಯ ಮಾತು ಎಲ್ಲ ಅದರಲ್ಲಿ ಬಂತು. ಬಿಸಿ ಬಿಸಿಯಾಗಿ ಖರ್ಚಾಯಿತು. ಆದರೆ ಅದರಲ್ಲಿ ಎಲ್ಲರ ತಪ್ಪೂ ಸಿಗುತ್ತದೆ, ಮಥಾಯಿಯ ತಪ್ಪು ಸಿಗುವುದು ಅಪರೂಪ.

ಅದೇ ನೆಹರೂ ಅವರ ರಕ್ಷಣೆಗೆ 1952ರಿಂದ ಸುಮಾರು ಆರು ವರ್ಷ ಕೆ. ಎಫ್. ರುಸ್ತಮ್‌ಜಿ ಎಂಬ ಪೊಲೀಸ್ ಅಧಿಕಾರಿ ಇದ್ದರು. ಅವರು ದಿನಚರಿ ಬರೆಯುತ್ತಿದ್ದರು. ಅದರಲ್ಲಿ ನೆಹರೂ ಸಿಟ್ಟೂ ಇದೆ, ಮಂದಿಯ ನಡುವೆ ನುಗ್ಗುವ ಅವರ ಚಟವೂ ಇದೆ, ಅದರಿಂದ ಕಾವಲಿನವರಿಗೆ ಆಗುವ ಪೇಚಾಟವೂ ಇದೆ. ಒಬ್ಬನೇ ನಾಯಕ. ಒಳಗಿನವರು ಇಬ್ಬರು. ಒಬ್ಬ ಹಗೆ ತೀರಿಸಿಕೊಳ್ಳಲು ಬರೆದಂತಿದೆ. ಇನ್ನೊಬ್ಬ ಕಂಡದ್ದನ್ನು ಅಂದಂದೇ ಬರೆದಿಟ್ಟ. ಆರಿಸಿ ನೋಡದೆ ತಕ್ಕಡಿಗೆ ಹಾಕಿದ ಕಾಳಿನಂತೆ ಎರಡನ್ನೂ ಒಂದೇ ದರಕ್ಕೆ ಕೊಳ್ಳಬಾರದು.

ಹಾಗಾದರೆ ಅಳೆಯುವುದು ಹೇಗೆ? ಮೂರು ಪ್ರಶ್ನೆ ನೆನಪಿಟ್ಟುಕೊಳ್ಳಿ. ಒಂದು, ಯಾವಾಗ ಬರೆದದ್ದು? ಅಂದಿನ ದಿನವೇ ಬರೆದ ದಿನಚರಿಗೆ ಒಂದು ಬೆಲೆ, ಹುದ್ದೆ ಕಳೆದುಕೊಂಡ ಮೇಲೆ ನೆನಪಿನಿಂದ ಬರೆದದ್ದಕ್ಕೆ ಇನ್ನೊಂದು ಬೆಲೆ. ಎರಡು, ಬರೆದವನು ತನ್ನ ತಪ್ಪನ್ನೂ ಹೇಳಿಕೊಂಡಿದ್ದಾನೆಯೇ? ಮಹಾದೇವ ಪುರಿಯ ವಿಷಯದಲ್ಲಿ ಹೇಳಿಕೊಂಡರು. ತನ್ನನ್ನು ಬಿಟ್ಟು ಉಳಿದವರೆಲ್ಲ ಕೆಟ್ಟವರು ಎನ್ನುವ ಪುಸ್ತಕವನ್ನು ಒಂದು ಕೈ ದೂರ ಇಟ್ಟೇ ಓದಬೇಕು. ಮೂರು, ಇದೇ ಮಾತನ್ನು ಆತ ನಾಯಕನ ಎದುರಿಗೆ ಹೇಳಿದ್ದನೇ? ಬೋಸ್ ಹೇಳಿದ್ದರು, ಪರಶುರಾಮ್ ಹೇಳಿದ್ದರು. ಬದುಕಿದ್ದಾಗ ಹೌದಪ್ಪ ಅಂದು, ಸತ್ತ ಮೇಲೆ ಬಯ್ಯುವವರ ಪುಸ್ತಕದಿಂದ ನಾಯಕನ ಗುಣಕ್ಕಿಂತ ಬರೆದವನ ಗುಣವೇ ಹೆಚ್ಚು ತಿಳಿಯುತ್ತದೆ.

ಮಹಾದೇವ ದೇಸಾಯಿಯವರ ಕೊನೆಯನ್ನು ಹೇಳದೆ ಮುಂದೆ ಹೋಗಲಾರೆ. 1942ರ ಆಗಸ್ಟ್ 9ರಂದು ಗಾಂಧೀಜಿಯ ಜೊತೆ ಅವರೂ ಸೆರೆಯಾದರು. ಪುಣೆಯ ಆಗಾ ಖಾನ್ ಅರಮನೆಯೇ ಸೆರೆಮನೆ. ವಾರ ತುಂಬುವುದರೊಳಗೆ, ಆಗಸ್ಟ್ 15ರಂದು, ಹೃದಯ ನಿಂತು ತೀರಿಕೊಂಡರು. 50 ವರ್ಷ. ಗಾಂಧೀಜಿ ತಾವೇ ಹೆಣಕ್ಕೆ ಸ್ನಾನ ಮಾಡಿಸಿದರು, ತಾವೇ ಬೆಂಕಿ ಇಟ್ಟರು. ಒಂದೂವರೆ ವರ್ಷದ ಮೇಲೆ ಕಸ್ತೂರಬಾ ಅಲ್ಲೇ ತೀರಿಕೊಂಡರು. ಪುರಿ ಗುಡಿಯ ಪ್ರಸಂಗದಲ್ಲಿ ನೊಂದ ಇಬ್ಬರ ಸಮಾಧಿಗಳೂ ಪುಣೆಯಲ್ಲಿ ಪಕ್ಕಪಕ್ಕದಲ್ಲಿವೆ. ನೊಂದರೂ ಇಬ್ಬರೂ ಬಿಟ್ಟು ಹೋಗಿರಲಿಲ್ಲ. ಇದನ್ನೂ ನಾಯಕನ ಲೆಕ್ಕಕ್ಕೆ ಜಮಾ ಹಾಕಬೇಕಾಗುತ್ತದೆ.

ಇಷ್ಟು ಹೇಳಿ ಇವತ್ತಿನ ದಿನಕ್ಕೆ ಬರುತ್ತೇನೆ. ಇಲ್ಲಿಯವರೆಗಿನ ಮಾತಿನ ಸಾರ ಇಷ್ಟು. ವೇದಿಕೆಯ ಮಾತು ಮನೆಯಲ್ಲೂ ನಿಲ್ಲುತ್ತದೆಯೇ ನೋಡಬೇಕು. ಸಿಹಿ ಕಥೆಗಿಂತ ನೋವಿನ ಕಥೆಯನ್ನು ನಂಬಬೇಕು. 'ಇಲ್ಲ' ಎಂದವನಿಗೆ ನಾಯಕ ಏನು ಮಾಡಿದ ಎಂದು ಕೇಳಬೇಕು. ಬರೆದವನನ್ನೂ ಅಳೆಯಬೇಕು.

ಈ ಅಳತೆ ಪುಸ್ತಕ ಓದುವವರಿಗೆ ಮಾತ್ರ ಅಲ್ಲ. ನಮ್ಮ ಪಂಚಾಯಿತಿಯಿಂದ ವಿಧಾನಸೌಧದವರೆಗೆ ಪ್ರತಿ ನಾಯಕನ ಸುತ್ತಲೂ ಒಳಗಿನವರು ಇದ್ದಾರೆ. ಪಿ.ಎ. ಇದ್ದಾನೆ, ಡ್ರೈವರ್ ಇದ್ದಾನೆ, ಗನ್‌ಮ್ಯಾನ್ ಇದ್ದಾನೆ. ಸಾಹೇಬರ ಮನೆ ಕಟ್ಟೆಯ ಮೇಲೆ ದಿನಾ ಕೂಡುವ ಮಂದಿ ಇದ್ದಾರೆ. ಅವರು ನಾಳೆ ಪುಸ್ತಕ ಬರೆಯಲಿಕ್ಕಿಲ್ಲ. ಅಷ್ಟು ದಿನ ನಾವು ಕಾಯಬೇಕಾಗಿಯೂ ಇಲ್ಲ. ಮತ ಕೇಳಲು ನಾಯಕ ನಿಮ್ಮ ಓಣಿಗೆ ಬಂದಾಗ ಆತನ ಭಾಷಣವನ್ನು ಕೇಳಿ. ಜೊತೆಗೆ ಇಷ್ಟನ್ನೂ ವಿಚಾರಿಸಿ. ಕಳೆದ ಐದು ವರ್ಷದಲ್ಲಿ ನಿಮ್ಮ ಮಾತು ಒಪ್ಪದೆ ಬಿಟ್ಟು ಹೋದವರು ಯಾರು? ಯಾಕೆ ಹೋದರು? ಅವರು ನಿಮ್ಮ ಬಗ್ಗೆ ಊರಲ್ಲಿ ಮಾತಾಡಿದರೆ ನೀವು ಏನು ಮಾಡುತ್ತೀರಿ? ಬಿಟ್ಟು ಹೋದವರೇ ಯಾರೂ ಇಲ್ಲ, ಎಲ್ಲರೂ ಹೌದು ಅನ್ನುವವರೇ ಎಂಬ ಉತ್ತರ ಬಂದರೆ, ಆ ನಾಯಕನ ಗುಣ ತಿಳಿಯಲು ಬೇರೆ ಪುಸ್ತಕ ಬೇಕಾಗಿಲ್ಲ.